ತಲೆ ಮೇಲೊಂದು ಕೈ

...ಅದೂ ಸಾಲ್ದು ಅಂತ ಮುಂದಿನ ಭಾನುವಾರಾನೂ ಮಗ್ಗ ಓಡಿಸ್ಬೇಕಂತೆ ಅಮ್ಮಾ. ಓನರ್ರು ಶೆಡ್ಡಿಗೆ ಹೊರಗಿಂದ ಬೀಗ ಹಾಕ್ಬಿಡ್ತಾನೆ. ನೀನು ತೀರ್ಕೊಂಡಾಗ ನಿನ್ನ ಮಣ್ಣಿಗೆ ಅಂತ ನಾನು ಹೊರಟ ದಿನಾನೂ ಹಿಂಗೇ ಹಾಕಿದ್ದ. ನೀನಿದನ್ನ ಕೇಳಲ್ಲ ಅಂತ ಗೊತ್ತು, ಆದ್ರೂ ನಿನ್ನ ನಂಬರಿಗೇ ವಾಯ್ಸ್ ಮೆಸೇಜ್ ಕಳಿಸ್ತಿದೀನಿ.

ಇವತ್ತು ಹೆಂಗೋ ತಪ್ಪಿಸ್ಕೊಂಡು ದೊಡ್ಡಬಳ್ಳಾಪುರದ ಚರ್ಚಿಗೆ ಹೋಗಿದ್ದೆ. ಪೂಜೆ ಕೊನೇಲಿ ಫಾದರ್ ಕೊಡೋ ರೊಟ್ಟಿ ತಗೊಳ್ಳೋಕೆ ಎಲ್ರೂ ಸಾಲಾಗಿ ನಿಂತ್ರು. ನಮ್ಮ ದೇವಸ್ಥಾನದ ಪ್ರಸಾದದ ಥರಾನೇ ಅಂದ್ಕೊಂಡು ನಾನೂ ಹೋಗಿ ಕೈ ಒಡ್ಡಿದೆ. ಹಿಂದಿದ್ದ ಲೂರ್ದಮ್ಮಜ್ಜಿ ಮೆತ್ತಗೆ, "ಇದು ಜ್ಞಾನಸ್ನಾನ ಆಗಿ ನಮ್ಮ ಧರ್ಮಕ್ಕೆ ಸೇರಿದೋರಿಗೆ ಕಣಪ್ಪಾ. ನೀನು ಕೈ ಕಟ್ಕೊಂಡು ನಿಂತ್ಕೋ" ಅಂದ್ರು. ನಿಂತೆ. ಫಾದರ್ ನನ್ನ ತಲೆ ಮೇಲೆ ಕೈ ಇಟ್ರು. ನೀನು ಹೋದ್ಮೇಲೆ ಯಾರೂ ಇಟ್ಟಿರ್ಲಿಲ್ಲ ಕಣಮ್ಮಾ.

ಆಮೇಲೆ ಹಾಡೋ ಹುಡುಗ್ರು "ಏನ್ ಗುರೂ, ಬಂದ ದಿನಾನೇ ಎಲ್ರಿಗಿಂತ ಮುಂದೆ!" ಅಂತ ರೇಗಿಸಿ, ಪಕ್ಕದಲ್ಲೇ ಕೂರಿಸ್ಕೊಂಡು ಇಡ್ಲಿ ತಿನ್ನಿಸಿದ್ರು. ಅಜ್ಜಿ "ಮುಂದಿನ ವಾರ ನಿಂಗೆ ಜಾಗ ಹಿಡಿದಿಟ್ಟಿರ್ತೀನಿ, ಬರ್ತೀಯಲ್ಲಾ?" ಅಂದ್ರು. ಹ್ಞೂಂ ಅಂದ್ಬಿಟ್ಟೆ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಚರ್ಚಲ್ಲಿ ಪೂಜೆ ನಡೆಯೋ ಹೊತ್ತಿಗೆ, ಫೋನ್ ಮಾಡಮ್ಮಾ. ಅಲ್ಲಿದ್ರೆ ಎತ್ತಲ್ಲ. ನಾನು ಎತ್ತಿದ್ರೆ, ಬೀಗದೊಳಗೇ ಇದೀನಿ ಅಂತ ತಿಳ್ಕೋ.