ಮಯೋರ್ಕಾದ ಬಂಡೆಯ ಮೇಲೊಂದು ರುಮಾಲು

ಜಮಖಂಡಿ
೮ ಆಗಸ್ಟ್ ೨೦೧೧

ಪ್ರೀತಿಯ ತಮ್ಮ ಹಾಲೇಶಾ,

ಆರಾಮ ಇದ್ದೀಯಾ? ತರಚಿದ ಮೊಣಕೈ ಮಾಗಿತೇ? ಅಲ್ಲಿಯ ಬ್ರೆಡ್ಡು ತಿಂದು ಹೊಟ್ಟೆ ತುಂಬುತ್ತದೆಯೋ, ಬರೀ ಬಾಯಿ ತುಂಬುತ್ತದೆಯೋ? ನಾವಿಬ್ಬರೂ ಕ್ಷೇಮ. ಹಗಲು ಕಾಲೇಜಿನಲ್ಲಿ ಹುಡುಗರಿಗೆ ಸಂಧಿ ಬಿಡಿಸಿ, ಸಂಜೆ ಮನೆಗೆ ಬಂದು ಅವ್ವನ ಸಂಧಿಗೆ ಎಣ್ಣೆ ತಿಕ್ಕುತ್ತೇನೆ. ಎರಡೂ ಬಿಡಲೊಲ್ಲವು. ಫೋನ್ ಬಿಟ್ಟು ಪತ್ರ ಯಾಕೆಂದರೆ, ಅಪ್ಪನ ಹೆಸರು ಬಂದ ಕೂಡಲೇ ನಿನ್ನ ದ್ವೀಪದಲ್ಲಿ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಕೆಂಪು ಗುಂಡಿ ಇಲ್ಲ.

ನಿನ್ನ ಫೋಟೋ ಬಂತು. ಜಗತ್ತಿನ ಜನ ರಜೆಗೆಂದು ಮೈಚಾಚಿ ಮಲಗಲು ಬರುವ ಮಯೋರ್ಕಾದಲ್ಲಿ ನನ್ನ ತಮ್ಮನೊಬ್ಬ ಸಮುದ್ರದ ಮೇಲಿನ ಕಡಿದಾದ ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದಾನೆ! ಬಾದಾಮಿಯಲ್ಲಿ ವಿದೇಶಿಯರ ಚೀಲ ಹೊರುತ್ತ ಬಂಡೆ ಹತ್ತಲು ಕಲಿತವನನ್ನು ಅವರೇ ಮೂರು ತಿಂಗಳ ಕೆಲಸಕ್ಕೆ ಕರೆದೊಯ್ದದ್ದು ನನಗೆ ಹೆಮ್ಮೆಯೇ. ಆದರೆ ಹಗ್ಗ ಎಲ್ಲಿ? “ಅಕ್ಕಾ, ಹಗ್ಗ ಅಗ್ಗ ಸಿಗತಾವು, ಹಿಡಿಯೋ ಕೈ ಸಿಗಂಗಿಲ್ಲ” ಅಂತ ಫೋಟೋದ ಹಿಂದೆ ಬರೆದಿದ್ದೀ. ಈ ಪದದಾಟದ ರೋಗ ನನ್ನಿಂದ ಅಂಟಿದ್ದು, ಕ್ಷಮಿಸಿದೆ. ಅದರ ಕೆಳಗಿನ ಸಾಲನ್ನು ಕ್ಷಮಿಸಲಾರೆ. ತಿಂಗಳ ಕೊನೆಗೆ, ಕೆಳಗೆ ನೀರಿಲ್ಲದೆ ಬರೀ ಕಲ್ಲಿರುವ ದೊಡ್ಡ ಗೋಡೆಯನ್ನು ಒಬ್ಬನೇ, ಹಗ್ಗವಿಲ್ಲದೆ ಹತ್ತುತ್ತೀಯಂತೆ.

ಅವ್ವನಿಗೆ ಆ ಸಾಲು ಓದಿ ಹೇಳಲಿಲ್ಲ. ಫೋಟೋ ಮಾತ್ರ ಕೊಟ್ಟೆ. ಬಹಳ ಹೊತ್ತು ನೋಡಿ, “ಏ ಶೈಲಾ, ಹುಡುಗನ ಮ್ಯಾಲ ಕುಂತಾವ ಯಾರಬೇ?” ಅಂದಳು. ಬಂಡೆಯ ಬಿಳಿ ತುದಿ ಅಂದೆ. “ಬಂಡಿ ರುಮಾಲ ಸುತ್ತತೈತೇನು? ನಿಮ್ಮಪ್ಪ ಅಂವ. ಬಗ್ಗಿ ನೋಡಾಕತ್ತಾನ.” ನಾನು ನಕ್ಕೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆಮೇಲೆ ನಗು ಬರಲಿಲ್ಲ. ಈಗ ಫೋಟೋವನ್ನು ಉತ್ತರಪತ್ರಿಕೆಗಳ ಕೆಳಗೆ ಬೋರಲು ಹಾಕಿದ್ದೇನೆ. ಆದರೂ ಅದರ ಮೇಲಿನ ಕಾಗದಗಳು ಫ್ಯಾನಿಲ್ಲದೆ ಅಲುಗುತ್ತವೆ.

ಅಪ್ಪ ತೀರಿಹೋದದ್ದು ಗಲಗಲಿಯ ಹೊಳೆದಂಡೆಯ ಹುಲ್ಲನ್ನು ಆಣೆಕಟ್ಟಿನ ಹಿನ್ನೀರು ನುಂಗಿದ ವರ್ಷ. ಕುರಿ ಗುಡ್ಡ ಹತ್ತಿದವು. ಕೊರಕಲಲ್ಲಿ ಸಿಕ್ಕ ಮರಿಗಾಗಿ ಅಪ್ಪ ಇಳಿದ. ಬಂಡೆಗೆ ಸುತ್ತಿದ ಹಗ್ಗದ ತುದಿ ಹನ್ನೊಂದು ವರ್ಷದ ನಿನ್ನ ಕೈಯಲ್ಲಿತ್ತು. ಅದು ಒಮ್ಮೆಲೇ ಹಗುರಾಯಿತು. ನೀನು ಅದನ್ನು ಎಸೆದು ಹಟ್ಟಿಯ ತನಕ “ನಾ ಬಿಟ್ಟೆ, ನಾ ಬಿಟ್ಟೆ” ಅಂತ ಚೀರುತ್ತ ಓಡಿ ಬಂದೆ. ಜನ ನಂಬಿದರು. ನೀನೂ ನಂಬಿದೆ. ಅಂದಿನಿಂದ ನೀನು ಯಾರ ಹಗ್ಗವನ್ನೂ ಹಿಡಿದಿಲ್ಲ, ನಿನ್ನದನ್ನು ಯಾರಿಗೂ ಕೊಟ್ಟಿಲ್ಲ.

ಅವ್ವ ಬೀರಪ್ಪನ ಭಂಡಾರದ ಅರಿಸಿನವನ್ನು ಪೊಟ್ಟಣ ಕಟ್ಟಿ ಇದರೊಳಗೆ ಇಟ್ಟಿದ್ದಾಳೆ. ಅಲ್ಲಿಯ ಕಸ್ಟಮ್ಸ್‌ನವರು ಪಲ್ಯಕ್ಕೆ ಹಾಕದಿದ್ದರೆ ಹಣೆಗೆ ಹಚ್ಚಿಕೋ. ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಶೈಲಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹಾಲ್ಯಾ, ನೀನು ಬಿಡಲಿಲ್ಲ. ಹಗ್ಗ ಹರಿಯಿತು. ಆ ಪಂಚಮಿಗೆ ಜೋಕಾಲಿ ಕಟ್ಟಲೆಂದು ಅಪ್ಪನ ಗಂಟಿನಿಂದ ಹೊಸ ಹಗ್ಗ ತೆಗೆದು, ಹಿಂದಿನ ವರ್ಷ ನಾವು ಜೀಕಿ ಸವೆಸಿದ ಹಗ್ಗವನ್ನು ಅದರಲ್ಲಿ ತುರುಕಿದವಳು ನಾನು. ಅಪ್ಪನಿಗೆ ಹೇಳಲಿಲ್ಲ. ನೀನು ಎಸೆದ ತುಂಡು ಗುಡ್ಡದಲ್ಲಿ ಸಿಕ್ಕಿತು, ತುದಿ ಎಳೆಎಳೆಯಾಗಿತ್ತು. ಯಾರೂ ನೋಡುವ ಮೊದಲೇ ಒಲೆಗೆ ಹಾಕಿದೆ. ಹನ್ನೆರಡು ವರ್ಷ ನಿನ್ನ ಕೈಗೆ ಅಪವಾದ ಹೊರಿಸಿ, ನಿನ್ನನ್ನೇ ನಗಿಸುತ್ತ ಬಂದೆ. ನನಗೆ ಎಷ್ಟು ಬೇಕಾದರೂ ಬೈ. ಆದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬೈ.