ಮಿದುಳು ಹವಳ ಎತ್ತುವ ಬಗೆ

ಮಾರ್ಚ್ 2, ಬೆಳಿಗ್ಗೆ 7
ಉಪ್ಪುನೀರು ಬೆರೆಸಿಟ್ಟೆ. ಟ್ಯಾಂಕಿನ ಗಾಜಿನ ಪಾಚಿ ಕೆರೆದೆ. ಮಿದುಳು ಹವಳ, ಮಿದುಳಿನಂತೆ ಮಡಿಕೆ ಮಡಿಕೆಯ ಜೀವ, ಚೆನ್ನಾಗಿ ಉಬ್ಬಿದೆ... ಅಂಗೈಗಿಂತ ದೊಡ್ಡದು, ಕೆಂಪು, ಅಂಚಿಗೆ ಹಸಿರು. ಹನ್ನೊಂದು ತಿಂಗಳ ಹಿಂದೆ ಅಕ್ವೇರಿಯಂ ಅಂಗಡಿಯವನು ಎಸೆಯಲು ಇಟ್ಟಿದ್ದ. ಬೆಳ್ಳಗೆ, ಮೂಳೆ ಕಾಣುತ್ತಿತ್ತು. ಕೇಳಿ ತಂದೆ. ನೆರಳಲ್ಲಿಟ್ಟೆ. ದಿನಾ ಸಿಗಡಿಯನ್ನು ಸಾಸಿವೆಯಷ್ಟು ಚೂರು ಮಾಡಿ ಅದರ ಮೂರು ಬಾಯಿಗೂ ಕೊಟ್ಟೆ. ನುಂಗಲು ಇಪ್ಪತ್ತು ನಿಮಿಷ. ಮೀನು ಕದಿಯದಂತೆ ಕಾವಲು. ಸ್ಕೂಲಿನಲ್ಲಿ ಅಷ್ಟು ಹೊತ್ತು ಒಂದು ಕಡೆ ಕೂತವಳಲ್ಲ ನಾನು.

ಟ್ಯಾಂಕ್ ಮಾತ್ರ ಭಾವನದು. ಅದು ನಿಜ, ಬರೆದಿಡುತ್ತೇನೆ.

ಮಾರ್ಚ್ 5
ಅಕ್ವೇರಿಯಂ ಕ್ಲಬ್ಬಿನ ಇಬ್ಬರು ಬಂದಿದ್ದರು. ಟೀ ಕೊಡಲು ಹೋದೆ.

"ಸತ್ತೇ ಹೋಗಿತ್ತು ರೀ. ನಾನೇ ಕೂತು ತಿನ್ನಿಸಿ ಉಳಿಸ್ದೆ," ಅಂತಿದ್ದರು ಭಾವ.

"ಉಳಿಸಿದ್ದು ನಾನು," ಅಂದೆ.

ಎಲ್ಲರೂ ನಕ್ಕರು. ಭಾವನೂ. "ನಮ್ಮ ಪ್ರೊಫೆಸರಮ್ಮ! ಹತ್ತನೇ ಕ್ಲಾಸ್ ಮುಗಿಸೋಕಾಗ್ಲಿಲ್ಲ, ಹವಳಕ್ಕೆ ಡಾಕ್ಟ್ರು."

ಟ್ರೇ ತಲೆ ಮೇಲೆ ಕುಕ್ಕಬೇಕು ಅನ್ನಿಸಿತು. ಅಕ್ಕನ ಮುಖ ನೋಡಿ ಬಿಟ್ಟೆ.

ಮಾರ್ಚ್ 6
ಅಕ್ಕ: "ಹೋಗ್ಲಿ ಬಿಡೇ. ಒಂದು ಮಾತಿಗೆ ನಿಂದೇನು ಗಂಟು ಹೋಗುತ್ತೆ?"

"ಹನ್ನೊಂದು ತಿಂಗಳು ಹೋಗುತ್ತೆ."

ಮಾರ್ಚ್ 14
ಭಾನುವಾರ ಕ್ಲಬ್ಬಿನವರೆಲ್ಲ ನಮ್ಮ ಮನೆಗೆ. ಭಾವನ ಭಾಷಣ. ಹವಳವನ್ನು ಕೈಯಲ್ಲಿ ಎತ್ತಿ ತೋರಿಸುತ್ತಾರಂತೆ.

"ಏನೇನು ಮಾಡ್ದೆ ಎಲ್ಲಾ ಬರ್ಕೊಡೇ, ಮೊಂಡಿ," ಅಂದರು.

ನಾಲ್ಕು ಪುಟ ಬರೆದುಕೊಟ್ಟೆ. ಒಂದೂ ಸುಳ್ಳಿಲ್ಲ. ಒಂದು ವಿಷಯ ಬಿಟ್ಟೆ — ಉಬ್ಬಿದಾಗ ನೀರಿನಿಂದ ಎತ್ತಬಾರದು. ಮೈಯೆಲ್ಲ ನೀರು ತುಂಬಿರುತ್ತೆ. ಹೊರಗೆ ಬಂದರೆ ಆ ಭಾರಕ್ಕೆ ಮಾಂಸ ತನ್ನದೇ ಮೂಳೆಯ ಅಲಗಿಗೆ ಸಿಕ್ಕಿ ಸೀಳುತ್ತೆ. ಮೆಲ್ಲಗೆ ಸವರಿ ಕುಗ್ಗಿಸಿ, ನೀರೊಳಗೇ ಡಬ್ಬಕ್ಕೆ ಇಳಿಸಬೇಕು.

ಸಾಕಿದವರಿಗೆ ಗೊತ್ತಿರುತ್ತೆ. ತಾವೇ ಸಾಕಿದ್ದು ತಾನೇ?

ಮಾರ್ಚ್ 16, ಸಂಜೆ
ಹನ್ನೆರಡು ಕುರ್ಚಿ. ಭಾವ ನನ್ನ ಪುಟಗಳನ್ನು ಓದಿದರು, ಚೆನ್ನಾಗೇ ಓದಿದರು. ಚಪ್ಪಾಳೆ. ಅಂಗಿ ತೋಳು ಮಡಚಿ ಕೈ ನೀರಿಗಿಟ್ಟರು. ನಾನು ಬಾಗಿಲ ಹತ್ತಿರ. ನಾಲ್ಕು ಹೆಜ್ಜೆ. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವರ ಮುಖ ನೋಡಬೇಕಿತ್ತು ನನಗೆ.

ಎತ್ತಿದರು. ಜೋತುಬಿತ್ತು. ಒಂದು ಬದಿ ಸದ್ದಿಲ್ಲದೆ ಸೀಳಿ ಬಿಳಿ ಮೂಳೆ ಕಂಡಿತು.

ಕ್ಲಬ್ಬಿನ ಹಿರಿಯರು ಎದ್ದೇಬಿಟ್ಟರು. "ಇಳ್ಸಿ, ಇಳ್ಸಿ! ಉಬ್ಬಿರೋದನ್ನ ಎತ್ತುತ್ತಾರೇನ್ರೀ? ನಿಜವಾಗ್ಲೂ ಸಾಕಿದ್ದು ನೀವೇನಾ?"

ಭಾವ ಗಾಬರಿಯಲ್ಲಿ ಪುಟ ತಿರುವಿದರು. "ಇದ್ರಲ್ಲಿ ಬರ್ದೇ ಇಲ್ವಲ್ಲ..."

ಅಷ್ಟೇ ಸಾಕಾಗಿತ್ತು. ಹನ್ನೆರಡು ಕುರ್ಚಿಯವರೂ ಆ ಪುಟಗಳನ್ನೇ ನೋಡಿದರು.

"ಬರೆದಿದ್ದು ನಾನು," ಅಂದೆ. "ಬೇಕಂತಲೇ ಬಿಟ್ಟೆ."

ಹಿರಿಯರು ನನ್ನತ್ತ ತಿರುಗಿದರು. "ಗೊತ್ತಿದ್ದೂ ನೋಡ್ತಾ ನಿಂತ್ಯೇನಮ್ಮ?"

"ಹೂಂ."

ಮಾರ್ಚ್ 17
ಭಾವ ಮಾತಾಡುತ್ತಿಲ್ಲ. ಅಕ್ಕ ತಟ್ಟೆ ಕುಕ್ಕಿಟ್ಟು ಹೋದಳು. ಭಾವನ ವಿಷಯಕ್ಕೆ ಬೇಸರ? ಇಲ್ಲ. ಆ ಮುಖ ನೆನೆಸಿಕೊಂಡು ಎರಡು ಸಲ ನಕ್ಕೆ. ಟ್ಯಾಂಕಿನ ಕಡೆ ತಿರುಗಿ ನಗೋಕಾಗಲಿಲ್ಲ.

ಮಾರ್ಚ್ 22
ಸೀಳಿದ ಕಡೆ ಕಂದು ಲೋಳೆ. ಹೀರಿ ತೆಗೆದಷ್ಟೂ ಬರುತ್ತೆ. ಒಂದು ಬಾಯಿ ಹೋಯಿತು.

"ನಂದೇನು ತಪ್ಪು ಇದ್ರಲ್ಲಿ?" ಹಿಂದಿನಿಂದ ಭಾವ.

"ನಿಮ್ಮದು ಸುಳ್ಳು. ಸೀಳಿಸಿದ್ದು ನಾನು."

"ನಿನ್ನ ನಾಲಿಗೆಗೆ ಬೆಂಕಿ ಹಾಕ," ಅಂದು ಹೋದರು. ಹೋಗಲಿ.

ಮಾರ್ಚ್ 25, ಬೆಳಿಗ್ಗೆ 9
ಲೋಳೆ ಎರಡನೇ ಬಾಯಿಯ ಅಂಚಿಗೆ ಬಂದಿದೆ. ಕೊಳೆತ ಕಡೆ ಕುಯ್ದು ತೆಗೆಯದಿದ್ದರೆ ಪೂರ್ತಿ ಹೋಗುತ್ತೆ. ಸಣ್ಣ ಗರಗಸ ತೊಳೆದಿಟ್ಟೆ. ಹಿಡಿಯೋಕೆ ಇನ್ನೊಬ್ಬರು ಬೇಕು. ಅಕ್ಕನ ಕೈ ನಡುಗುತ್ತೆ. ಉಳಿದವರು ಒಬ್ಬರೇ.

ಕೇಳಿದೆ. ಹಲ್ಲು ಕಚ್ಚಿಕೊಂಡು ಕೇಳಿದೆ. ಬರ್ತೀನಿ ಅಂದರು.

ಬದುಕಿದರೆ ಮತ್ತೆ "ನಾನೇ ಉಳಿಸ್ದೆ" ಅಂತಾರೆ. ಗ್ಯಾರಂಟಿ ಅಂತಾರೆ. ನೆನೆದರೇ ಮೈ ಉರಿಯುತ್ತೆ. ಅಂದುಕೊಳ್ಳಲಿ... ಇಲ್ಲ, ಸುಳ್ಳು ಬರೆದೆ. ಅವರು ಹಾಗೆ ಅನ್ನೋದು ಬೇಡ. ಆದರೂ ಹಿಡಿಯಲಿ.

ಕರೀತಿದ್ದಾರೆ. "ಕೈ ತೊಳ್ಕೊಂಡೆ ಕಣೇ. ಎಲ್ಲಿ ಹಿಡೀಲಿ? ಈ ಸಲ ಎಲ್ಲಾ ಹೇಳು."

ಹೇಳ್ತೀನಿ. ಮೊದಲು ಹೇಳೋದು ಇದನ್ನೇ: ಎತ್ತೋ ಮುಂಚೆ ಮೆಲ್ಲಗೆ ಸವರಿ ಕುಗ್ಗಿಸಬೇಕು.