ಗಾಜಿನ ಮೇಲೆ ಸೋಪಿನ ಗೆರೆ

ಮಾರ್ಚ್ 3, ಸೋಮವಾರ

ಮತ್ತೆ ಆಫೀಸಿನ ಅದೇ ಟೆರೇಸ್ ಕಡೆಯ ಗಾಜು. ಅದನ್ನು ಒರೆಸೋದು ಅಕ್ಕನ ಪಾಲು, ಪಕ್ಕದ ಕಾರಿಡಾರ್ ನನ್ನದು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಕೈಗೆ ವೈಪರ್ ಕೊಟ್ಟು ಕೆಲಸ ಕಲಿಸಿದವಳು. "ಗಾಜು ಇದೆಯೋ ಇಲ್ವೋ ಅನ್ನೋ ಹಾಗಿರ್ಬೇಕು ಕಣೇ." ಹಾಗೇ ಒರೆಸುತ್ತಾಳೆ, ಮಹಾತಾಯಿ! ಇವತ್ತೂ ಒಂದು ಹಕ್ಕಿ ಬಂದು ಬಡಿದು ಸತ್ತಿತು. ಗಾಜಿನಲ್ಲಿ ಎದುರಿನ ಮರ ಕಂಡಿರಬೇಕು, ಪಾಪ. ಎತ್ತಿದಾಗ ಇನ್ನೂ ಬೆಚ್ಚಗಿತ್ತು.

ಮಾರ್ಚ್ 4

ಗಾಜಿಗೆ ಏನಾದರೂ ಅಂಟಿಸಿ ಅಂತ ಸೂಪರ್‌ವೈಸರ್‌ಗೆ ಹೇಳಿದೆ. "ಒರೆಸೋಕೆ ಬಂದಿದ್ದೀಯೋ, ಹಕ್ಕಿ ಕಾಯೋಕೋ?" ಅಂದ. ಅಕ್ಕ ಊಟಕ್ಕೆ ಹೋದಾಗ ಸೋಪಿನ ಬಟ್ಟೆಯಿಂದ ಗಾಜಿನ ತುಂಬ ಗೆರೆ ಎಳೆದು ಬಂದೆ. ಒಣಗಿದರೆ ಬೆಳ್ಳಗೆ ಕಾಣುತ್ತೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ.

ಮಾರ್ಚ್ 10

ದಿನಾ ಅದೇ ಕಳ್ಳ ಕೆಲಸ. ಒಂದು ಹಕ್ಕಿಯೂ ಬಡಿದಿಲ್ಲ. ಖುಷಿಯೋ ಖುಷಿ. ಅಕ್ಕ ಯಾಕೋ ಮಂಕಾಗಿದ್ದಾಳೆ.

ಮಾರ್ಚ್ 17

ಸೂಪರ್‌ವೈಸರ್ ಎಲ್ಲರೆದುರು ಅಕ್ಕನನ್ನು ತರಾಟೆಗೆ ತಗೊಂಡ. "ಏನ್ರೀ ಗೆರೆ ಇದು? ಕಣ್ಣು ಕಾಣ್ಸಲ್ವಾ? ಕಾಣ್ಸದಿದ್ರೆ ಮನೇಲಿರಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಬಕೆಟ್ ಹಿಡಿದು ನಿಂತೇ ಇದ್ದೆ. ಛೀ, ನಾನೆಂಥವಳು!

ಆಮೇಲೆ ಅಕ್ಕ ಮೆಲ್ಲಗೆ ಹೇಳಿದಳು. "ಒರೆಸೋವಾಗ ಒಂದು ಗೆರೆನೂ ಕಾಣ್ಸಲ್ಲ ಕಣೇ. ಆಮೇಲೆ ನೋಡಿದ್ರೆ ಗೆರೆ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನ ಮುಖಾನೂ ಕಾಣ್ತಿರ್ಲಿಲ್ಲ."

ಮಾರ್ಚ್ 18

ಸೋಪು ಹಚ್ಚಲಿಲ್ಲ. ಅಕ್ಕನಿಗೆ ಹೇಳಲೂ ಇಲ್ಲ. ಮಧ್ಯಾಹ್ನ ಎರಡು ಹಕ್ಕಿ ಬಡಿದವು.

ಮಾರ್ಚ್ 20

ಹೇಳಿಬಿಟ್ಟೆ. ಎಲ್ಲಾ. ಕೆನ್ನೆಗೆ ಬಾರಿಸುತ್ತಾಳೆ ಅಂತ ಕಾದು ನಿಂತೆ. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಜ ಹೇಳು. ಸೋಪೇ ತಾನೇ? ನನ್ನ ಕಣ್ಣು ಚೆನ್ನಾಗೇ ಇದೆ ತಾನೇ?"

"ಹೂಂ ಅಕ್ಕಾ."

"ಇನ್ನೊಂದ್ಸಲ ಹೇಳು."

ಹೇಳಿದೆ. ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಅಳುತ್ತಲೇ ನಗತೊಡಗಿದಳು.

"ನಾನೊಬ್ಳು ಪೆದ್ದಿ! ಮುಂದಕ್ಕೆ ಬೇಕಾಗತ್ತೆ ಅಂತ ಮನೇಲಿ ಕಣ್ಮುಚ್ಕೊಂಡು ಅಡುಗೆ ಮಾಡೋದು ಕಲೀತಿದ್ದೆ ಕಣೇ."

ನಗುತ್ತಲೇ ಬೆರಳು ತೋರಿಸಿದಳು. ತುದಿಯೆಲ್ಲ ಬೊಬ್ಬೆ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಳೆ ಬೆಳಿಗ್ಗೆ ಸೂಪರ್‌ವೈಸರ್ ಹತ್ತಿರ ನಾನೇ ಹೋಗಿ ಹೇಳುತ್ತೇನೆ, ಆ ಗೆರೆ ನನ್ನದು ಅಂತ.